ಪಾಳಿ ಹಚ್ಚಿ ಮೂರು ದಿನವಾಯಿತು, ನಮ್ಮ ಕೆಲಸ ಇನ್ನೂ ಎದ್ದಿಲ್ಲ!

ಪ್ರಶ್ನೆ: ಶೇಂಗಾ ತಳಿಗಳ ಡಿಎನ್‌ಎ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಬೇರೆ ಊರಿನ ಒಂದು ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿಟ್ಟ ಹಲವು ಕಂಪ್ಯೂಟರ್‌ಗಳು) ನಮಗೆ ಖಾತೆ ಇದೆ. ಸೋಮವಾರ ‘ಎಸ್‌ಬ್ಯಾಚ್’ ಕಮಾಂಡ್‌ನಿಂದ ಪಾಳಿಗೆ ಕೊಟ್ಟ ಕೆಲಸ ಗುರುವಾರವೂ ‘ಪಿಡಿ’ (ಪೆಂಡಿಂಗ್, ಅಂದರೆ ಬಾಕಿ) ಅಂತಲೇ ತೋರಿಸುತ್ತಿದೆ, ಪಕ್ಕದಲ್ಲಿ ಕಂಸದೊಳಗೆ ‘ಪ್ರಯಾರಿಟಿ’ ಅಂತ ಇದೆ. ನನ್ನ ಪಕ್ಕದ ಕುರ್ಚಿಯವನು ಬುಧವಾರ ಕೊಟ್ಟದ್ದು ಅದೇ ದಿನ ಮುಗಿಯಿತು. ಅವನು ಕೇಳಿದ್ದು 4 ಕೋರ್ (ಪ್ರೊಸೆಸರ್‌ನ ಲೆಕ್ಕ ಮಾಡುವ ಭಾಗ), 2 ತಾಸು ಅಷ್ಟೆ. ಇಲ್ಲಿಯೂ ವಶೀಲಿ ನಡೆಯುತ್ತದೆಯೇ? ಕೆಲಸದ ಆದೇಶಗಳನ್ನು ಬರೆದ ಸ್ಕ್ರಿಪ್ಟ್ ಜೊತೆಗಿಟ್ಟಿದ್ದೇನೆ.
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಶೀಲಿ ಇಲ್ಲ, ನೋಡ್ರಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ: 4 ಕೋರ್, 2 ತಾಸು. ನಿಮ್ಮ ಸ್ಕ್ರಿಪ್ಟ್ ತೆರೆದು ನೋಡಿದರೆ 48 ಕೋರ್, 7 ದಿನ!

ನಮ್ಮ ಓಣಿಯ ಗಿರಣಿಯ ಮಾತು ಹೇಳುತ್ತೇನೆ. ಸಂಜೆ ಅಲ್ಲಿ ಜೋಳದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಹೆಸರಿನ ಚೀಟಿ ಹಾಕಿ ಮನೆಗೆ ಬಂದರಾಯಿತು, ನಿಂತು ಕಾಯಬೇಕಿಲ್ಲ. ಎಸ್‌ಬ್ಯಾಚ್ ಅಂದರೆ ಇಷ್ಟೇ. ಒಮ್ಮೆ ಮದುವೆ ಮನೆಯವರು ನಾಲ್ಕು ಚೀಲ ತಂದಿಟ್ಟು, ‘ಎರಡೂ ಕಲ್ಲು ನಮಗೇ ಬೇಕು’ ಅಂದರು. ಒಂದು ಕಲ್ಲು ಖಾಲಿಯಿತ್ತು, ಇನ್ನೊಂದರಲ್ಲಿ ಹತ್ತು ನಿಮಿಷದ ಬೀಸು ಬಾಕಿ. ಗಿರಣಿಯಾತ ಸುಮ್ಮನೆ ಕೂಡಲಿಲ್ಲ. ಹಿಂದೆಲ್ಲೋ ಇದ್ದ ನನ್ನ ಎರಡು ಸೇರಿನ ಡಬ್ಬಿ ಎತ್ತಿ ಖಾಲಿ ಕಲ್ಲಿಗೆ ಸುರಿದ. ಮದುವೆ ಮನೆಯವರಿಗೆ ಇದರಿಂದ ಒಂದು ನಿಮಿಷವೂ ತಡವಾಗಲಿಲ್ಲ, ನನಗೆ ಒಂದು ತಾಸು ಉಳಿಯಿತು.

ನಿಮ್ಮ ಕ್ಲಸ್ಟರ್‌ನ ಪಾಳಿ ನೋಡಿಕೊಳ್ಳುವ ಸ್ಲರ್ಮ್ ಕೂಡ ಇದನ್ನೇ ಮಾಡುತ್ತದೆ. ಇದಕ್ಕೆ ಬ್ಯಾಕ್‌ಫಿಲ್ ಅನ್ನುತ್ತಾರೆ. ಆದರೆ ನನ್ನ ಡಬ್ಬಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ ಅನ್ನುವುದು ಗಿರಣಿಯಾತನಿಗೆ ನೋಡಿದರೆ ತಿಳಿಯುತ್ತದೆ. ಸ್ಲರ್ಮ್‌ಗೆ ನೀವು ಬರೆದುಕೊಟ್ಟ ‘ಟೈಮ್’ ಸಾಲೊಂದೇ ಆಧಾರ. ನೀವು 7 ದಿನ ಅಂದಿರಿ, ಅದು ನಂಬಿತು. 48 ಕೋರ್ ಏಳು ದಿನ ಹಿಡಿಸುವಂಥ ಸಂದಿ ಎಲ್ಲಿ ಸಿಗಬೇಕು? ‘ಪ್ರಯಾರಿಟಿ’ ಅಂದರೆ ನಿಮ್ಮ ಮುಂದೆ ಇನ್ನೂ ಜನ ಇದ್ದಾರೆ ಅಂತ. ಅದೇ ಜಾಗದಲ್ಲಿ ‘ರಿಸೋರ್ಸಸ್’ ಅಂತ ಬಂದರೆ ಪಾಳಿ ನಿಮ್ಮದೇ, ಜಾಗ ಖಾಲಿಯಾಗುವುದಷ್ಟೇ ಬಾಕಿ. ಬಹಳ ಕಡೆ ಫೇರ್‌ಶೇರ್ ಲೆಕ್ಕವೂ ಇರುತ್ತದೆ: ನಿಮ್ಮ ಗುಂಪಿನವರು ಹೋದ ವಾರ ಸಿಕ್ಕಾಪಟ್ಟೆ ಬಳಸಿದ್ದರೆ ಈ ವಾರ ನೀವು ಹಿಂದೆ ಸರಿಯುತ್ತೀರಿ. ಆ ಜಗಳ ಮನೆಯೊಳಗೆ ಆಡಿಕೊಳ್ಳಿ.

ಇನ್ನು ನನ್ನ ಹೊಟ್ಟೆ ಉರಿಸಿದ್ದು ಸ್ಕ್ರಿಪ್ಟ್‌ನ ಕೊನೆಯ ಸಾಲು. 48 ಕೋರ್ ಕೇಳಿ ‘ಬಿಡಬ್ಲ್ಯುಎ ಮೆಮ್’ ಎಂಬ ಡಿಎನ್‌ಎ ಹೊಂದಿಸುವ ತಂತ್ರಾಂಶ ಓಡಿಸಿದ್ದೀರಿ, ಆದರೆ ಎಷ್ಟು ಥ್ರೆಡ್ ಅಂತ ಹೇಳುವ ‘ಹೈಫನ್ ಟಿ’ ಅದಕ್ಕೆ ಕೊಟ್ಟಿಲ್ಲ. ಕೊಡದಿದ್ದರೆ ಅದು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಕೋರ್ ಮೇಲೆ ಓಡುತ್ತದೆ. ಮೂರು ದಿನ ಕಾದು ಪಾಳಿ ಬಂದ ಮೇಲೆಯೂ 47 ಕೋರ್ ಬರೀ ಕೂತು, ಒಂದೇ ಕೋರ್ ದುಡಿಯುತ್ತಿತ್ತು, ಶೇಕಡಾ 2ರಷ್ಟು ಬಳಕೆ. ಕೋರ್ ಎಷ್ಟು ಕೇಳಿದ್ದೀರೋ ಅಷ್ಟನ್ನು ತಂತ್ರಾಂಶಕ್ಕೂ ಬಿಡಿಸಿ ಹೇಳಬೇಕು. ಸ್ಕ್ರಿಪ್ಟ್‌ನಲ್ಲಿ ‘ಸಿಪಿಯುಸ್ ಪರ್ ಟಾಸ್ಕ್’ ಬರೆದರೆ ಆ ಅಂಕಿ ‘ಸ್ಲರ್ಮ್ ಸಿಪಿಯುಸ್ ಪರ್ ಟಾಸ್ಕ್’ ಎಂಬ ವೇರಿಯೇಬಲ್‌ನಲ್ಲಿ ಬರುತ್ತದೆ, ಅದನ್ನೇ ‘ಹೈಫನ್ ಟಿ’ ಮುಂದೆ ಇಡಿ. ಆಗ ಎರಡು ಕಡೆ ಎರಡು ಲೆಕ್ಕ ಆಗುವುದಿಲ್ಲ.

ಬರೀ ದಿನ ಇಳಿಸುವುದಾದರೆ ಕೆಲಸ ರದ್ದು ಮಾಡಬೇಕಿರಲಿಲ್ಲ. ‘ಎಸ್‌ಕಂಟ್ರೋಲ್ ಅಪ್‌ಡೇಟ್’ ಕೊಟ್ಟು ನಮ್ಮದೇ ಕೆಲಸದ ಸಮಯವನ್ನು ನಾವೇ ಕಡಿಮೆ ಮಾಡಬಹುದು. ಹೆಚ್ಚು ಮಾಡುವ ಅಧಿಕಾರ ಮಾತ್ರ ಅಡ್ಮಿನ್‌ಗೇ. ಆದರೆ ಇದು ಓಡಿದರೂ ಉಪಯೋಗವಿಲ್ಲದ ಕೆಲಸ. ‘ಎಸ್‌ಕ್ಯಾನ್ಸಲ್’ ಹೊಡೆಯಿರಿ, ಮೂರು ದಿನ ಕಾದದ್ದಕ್ಕೆ ಮರುಗಬೇಡಿ. ನಿಮ್ಮ ಸ್ಕ್ರಿಪ್ಟ್‌ನಲ್ಲಿರುವ 60 ಸ್ಯಾಂಪಲ್‌ಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಂಡು 8 ಕೋರ್, 32 ಜಿಬಿ, 6 ತಾಸು ಕೇಳಿ ಓಡಿಸಿ. ಮುಗಿದ ಮೇಲೆ ‘ಎಸ್‌ಅಕೌಂಟ್’ ಕೇಳಿ, ಬರೆಯುವಾಗ ಎಸ್ಎಸಿಸಿಟಿ. ಅದರಲ್ಲಿ ‘ಎಲಾಪ್ಸ್‌ಡ್’ ಅನ್ನುವುದು ಹಿಡಿದ ಸಮಯ, ‘ಮ್ಯಾಕ್ಸ್ ಆರ್‌ಎಸ್‌ಎಸ್’ ಅನ್ನುವುದು ಅತಿ ಹೆಚ್ಚು ಬಳಸಿದ ಮೆಮೊರಿ. 3 ತಾಸು ಹಿಡಿದಿದ್ದರೆ ಮುಂದೆ 4 ಕೇಳಿ. ಮೂರೇ ಕೇಳಿ ಒಂದು ಸ್ಯಾಂಪಲ್ ಸ್ವಲ್ಪ ದೊಡ್ಡದಿತ್ತೋ, ಸ್ಲರ್ಮ್ ಮುಲಾಜಿಲ್ಲದೆ ಆ ಕೆಲಸದ ಕತ್ತು ಹಿಸುಕುತ್ತದೆ. ಮೊದಲೊಂದು ಎಚ್ಚರಿಕೆಯ ಸಿಗ್ನಲ್, ಸಾಮಾನ್ಯವಾಗಿ 30 ಸೆಕೆಂಡ್ ಬಿಟ್ಟು ಕೊನೆಯದು.

ಆಮೇಲೆ ಅರವತ್ತನ್ನೂ ಅರವತ್ತು ಸಲ ಟೈಪ್ ಮಾಡಿ ಕೊಡಬೇಡಿ. ಅರೇ ಅಂತ ಒಂದು ಸೌಲಭ್ಯವಿದೆ: ‘ಅರೇ=1-60%10’. ಒಂದೇ ಸ್ಕ್ರಿಪ್ಟ್, ಅರವತ್ತು ಕೆಲಸ, ಒಮ್ಮೆಗೆ ಹತ್ತು ಮಾತ್ರ ಓಡಲಿ ಅಂತ ಅರ್ಥ. ಒಂದೊಂದೂ ಸಣ್ಣ ಡಬ್ಬಿ, ಹಾಗಾಗಿ ಸಂದಿಯಲ್ಲಿ ಜಾಗ ಸಿಗುತ್ತಾ ಹೋಗುತ್ತದೆ.

ನಿಮ್ಮನ್ನು ಬೈದೆ ಅಂದುಕೊಳ್ಳಬೇಡಿ. ನಾನು ಮೊದಲು ಕಲಿತದ್ದು ಪಿಬಿಎಸ್ ಎಂಬ ಇನ್ನೊಂದು ಪಾಳಿ ತಂತ್ರಾಂಶದ ಮೇಲೆ. ಈಗಲೂ ಎಸ್‌ಬ್ಯಾಚ್ ಬದಲು ಕೈ ತಪ್ಪಿ ಅದರ ‘ಕ್ಯೂಸಬ್’ ಅಂತ ಟೈಪ್ ಮಾಡುತ್ತೇನೆ. ಸ್ಲರ್ಮ್‌ಗೆ ಬಂದ ಹೊಸದರಲ್ಲಿ 8 ಜಿಬಿ ಬೇಕು ಅಂತ ‘ಮೆಮ್=8’ ಬರೆದೆ. ಕೆಲಸ ಏಳುವುದು, ಬೀಳುವುದು, ಏಳುವುದು, ಬೀಳುವುದು. ಎರಡು ದಿನ ಆ ಮಷೀನನ್ನೂ ಅದರ ಅಡ್ಮಿನ್‌ನನ್ನೂ ಮನಸ್ಸಿನಲ್ಲೇ ಬೈದೆ. ಕೊನೆಗೆ ಆತನೇ ಫೋನ್ ಮಾಡಿ, ‘ಸರ, ಎಂಟು ಎಂಬಿಯೊಳಗ ಏನ್ ಮಾಡಬೇಕಂತೀರಿ?’ ಅಂದ. ಘಟಕ ಬರೆಯದಿದ್ದರೆ ಮೆಮೊರಿಯನ್ನು ಅದು ಎಂಬಿ ಅಂತ ಓದುತ್ತದೆ, ‘8ಜಿ’ ಅಂತ ಬರೆಯಬೇಕು. ಟೈಮ್‌ಗೂ ಇದೇ ಗತಿ. ‘ಟೈಮ್=24’ ಅಂದರೆ 24 ನಿಮಿಷ! ತಾಸು ಬೇಕಿದ್ದರೆ ‘24:00:00’.

ಪ್ರಶ್ನೆ: ಮನೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ನೋಟ್‌ಪ್ಯಾಡ್ ಬಳಸಿ ಸ್ಕ್ರಿಪ್ಟ್ ಬರೆದು ಕ್ಲಸ್ಟರ್‌ಗೆ ಕಳಿಸಿದೆ. ‘ಡಾಸ್ ಲೈನ್ ಬ್ರೇಕ್ಸ್’ ಎಂದು ಬೈದು ವಾಪಸ್ ಕಳಿಸುತ್ತದೆ. ಅಕ್ಷರ ಅಕ್ಷರ ಹೋಲಿಸಿದೆ, ತಪ್ಪಿಲ್ಲ.
— ಉಪನ್ಯಾಸಕ, ಹಾವೇರಿ

ಉತ್ತರ: ತಪ್ಪು ಕಣ್ಣಿಗೆ ಕಾಣುವಂಥದ್ದಲ್ಲ ಸರ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಅದೃಶ್ಯ ಅಕ್ಷರ ಇಡುತ್ತದೆ, ಲಿನಕ್ಸ್‌ಗೆ ಒಂದೇ ಸಾಕು. ಕ್ಲಸ್ಟರ್‌ನಲ್ಲಿ ‘ಡಾಸ್‌ಟುಯುನಿಕ್ಸ್’ ಅಂತ ಬರೆದು (ಟು ಅನ್ನುವಲ್ಲಿ 2ರ ಅಂಕಿ) ಮುಂದೆ ಕಡತದ ಹೆಸರು ಕೊಡಿ, ಮುಗಿಯಿತು. ಇನ್ನೊಂದು ಮಾತು: ನಿಮ್ಮ ಸ್ಕ್ರಿಪ್ಟ್‌ನಲ್ಲಿ ತಂತ್ರಾಂಶ ತರಿಸುವ ‘ಮಾಡ್ಯೂಲ್ ಲೋಡ್’ ಕಮಾಂಡ್ ಮೇಲಿದೆ, ಕೋರ್, ಸಮಯ ಕೇಳುವ ‘ಹ್ಯಾಶ್ ಎಸ್‌ಬ್ಯಾಚ್’ ಸಾಲುಗಳು ಅದರ ಕೆಳಗಿವೆ. ಮೊದಲ ಕಮಾಂಡ್ ಕಂಡ ಕೂಡಲೇ ಸ್ಲರ್ಮ್ ಆ ಸಾಲುಗಳನ್ನು ಓದುವುದು ಬಿಡುತ್ತದೆ. ದೂರು ಹೇಳುವುದೂ ಇಲ್ಲ, ಸುಮ್ಮನೆ ಬಿಡುತ್ತದೆ. ಅವನ್ನು ಮೇಲಕ್ಕೆ ಒಯ್ಯಿರಿ.

ಪ್ರಶ್ನೆ: ಮಗ ಎಂ.ಟೆಕ್ ಓದುತ್ತಾನೆ. ರಾತ್ರಿ ಹತ್ತಕ್ಕೆ ಏನೋ ಎರಡು ಸಾಲು ಟೈಪ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತಾನೆ. ಕೇಳಿದರೆ ‘ಕೆಲಸ ನಡದೈತಿ ಅಪ್ಪಾ’ ಅನ್ನುತ್ತಾನೆ. ನಲವತ್ತು ವರ್ಷ ಮಗ್ಗ ನಡೆಸಿದವನು ನಾನು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ. ಮುಚ್ಚಿದ ಮಷೀನಿನಲ್ಲಿ ಎಂಥ ಕೆಲಸ?
— ನೇಕಾರರು, ಗದಗ-ಬೆಟಗೇರಿ

ಉತ್ತರ: ಮಗ ಸುಳ್ಳು ಹೇಳುತ್ತಿಲ್ಲ ಯಜಮಾನ್ರೆ, ಆದರೆ ಒಂದು ಸಲ ಪರೀಕ್ಷೆ ಮಾಡಿ. ಮಗ್ಗ ಇರುವುದು ಬೇರೆ ಊರಿನಲ್ಲಿ; ನಿಮ್ಮ ಮನೆಯ ಲ್ಯಾಪ್‌ಟಾಪ್ ಬರೀ ಆರ್ಡರ್ ಬರೆದು ಕಳಿಸುವ ಪಟ್ಟಿ. ಎಸ್‌ಬ್ಯಾಚ್ ಕೊಟ್ಟಿದ್ದರೆ ಪರದೆ ಮೇಲೆ ‘ಸಬ್ಮಿಟೆಡ್ ಬ್ಯಾಚ್ ಜಾಬ್’ ಅಂತ ಬಂದು ಮುಂದೆ ಒಂದು ನಂಬರ್ ಇರುತ್ತದೆ. ಅದನ್ನು ರಾತ್ರಿಯೇ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ‘ಸ್ಲರ್ಮ್’ ಎಂಬ ಹೆಸರಿನ ಮುಂದೆ ಅದೇ ನಂಬರ್ ಇರುವ ಕಡತ ತೋರಿಸು ಅನ್ನಿ. ಅದು ನೇಯ್ದ ಬಟ್ಟೆ. ಆದರೆ ಅವನು ಎಸ್‌ಬ್ಯಾಚ್ ಬಿಟ್ಟು ನೇರವಾಗಿ ಲಾಗಿನ್ ಆದ ಕಿಟಕಿಯಲ್ಲೇ ಓಡಿಸಿದ್ದರೆ ನಿಮ್ಮ ಅನುಮಾನವೇ ಖರೆ: ಮುಚ್ಚಳ ಮುಚ್ಚಿದರೆ ಸಂಪರ್ಕ ಕಡಿದು ಸಾಮಾನ್ಯವಾಗಿ ಕೆಲಸವೂ ಸಾಯುತ್ತದೆ. ಮೇಲಾಗಿ ಲಾಗಿನ್ ಮಷೀನ್ ಎಲ್ಲರದು, ಅಲ್ಲಿ ದೊಡ್ಡ ಲೆಕ್ಕ ಓಡಿಸಿದರೆ ಅಡ್ಮಿನ್ ಸುಮ್ಮನಿರುವುದಿಲ್ಲ.

ಸ್ಕ್ರಿಪ್ಟ್‌ನಲ್ಲಿ ‘ಮೇಲ್ ಟೈಪ್=ಎಂಡ್,ಫೇಲ್’ ಅಂತ ಒಂದು ಸಾಲು, ‘ಮೇಲ್ ಯೂಸರ್’ ಅಂತ ಇನ್ನೊಂದು ಸಾಲು ಹಾಕಲು ಹೇಳಿ; ಕೆಲಸ ಮುಗಿದರೂ ಕೆಟ್ಟರೂ ಇ-ಮೇಲ್ ಬರುತ್ತದೆ. ಅಲ್ಲಿ ನಿಮ್ಮ ವಿಳಾಸವನ್ನೇ ಕೊಡಿಸಿ. ನಸುಕಿನ ಮೂರಕ್ಕೆ ‘ಫೇಲ್’ ಅಂತ ಬಂದರೆ ಅವನನ್ನು ಎಬ್ಬಿಸುವ ಕೆಲಸ ನಿಮ್ಮದು.