ಪಾಸ್ಟರ್ ಮಗಳಿಗೆ ಪಾಸ್ಟರ್ ಯಾರು?

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಕುಟುಂಬದ ವಿವರಗಳನ್ನು ಬದಲಿಸಿದೆ.)

ಆಪ್ತಸಲಹೆಗೆಂದು ನಮ್ಮ ಬಳಿ ಬಂದ ಆಕೆಗೆ 23 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನ ಆಡಿಟರ್ ಆಫೀಸೊಂದರಲ್ಲಿ ಕೆಲಸ. ತಂದೆ ನಗರದ ಹೊರವಲಯದಲ್ಲಿ ಒಂದು ಸ್ವತಂತ್ರ ಪೆಂಟೆಕೋಸ್ಟಲ್ ಸಭೆಯ (ಚರ್ಚಿನ) ಪಾಸ್ಟರ್. ಕೆಳಗೆ ಆರಾಧನೆಯ ಹಾಲ್, ಮೇಲೆ ಮನೆ. ಎರಡರ ಬಾಡಿಗೆಯೂ ಕಾಣಿಕೆ ಹಣದಿಂದಲೇ ಹೋಗಬೇಕು.

ಆರು ತಿಂಗಳಿಂದ ಶನಿವಾರ ರಾತ್ರಿ ನಿದ್ದೆ ಇಲ್ಲ. ಭಾನುವಾರ ಕೀಬೋರ್ಡ್ ಮುಂದೆ ಕೂತರೆ ಕೈ ನಡುಗುತ್ತದೆ, ಎದೆ ಬಿಗಿಯುತ್ತದೆ, ಉಸಿರು ಸಾಲದು ಅನಿಸುತ್ತದೆ. ಸೋಮವಾರ ಏನೂ ಇಲ್ಲ. ಮೊದಲು ವೈದ್ಯರ ಬಳಿ ಕಳಿಸಿದೆವು. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಮೂರೂ ಸರಿ ಇದ್ದವು. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 14 ಬಂತು. ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 8. ಅದರ ಒಂಬತ್ತನೆಯ ಪ್ರಶ್ನೆ, ಅಂದರೆ ಸಾಯುವ ಅಥವಾ ತನಗೆ ಹಾನಿ ಮಾಡಿಕೊಳ್ಳುವ ಯೋಚನೆಯದು, ಸೊನ್ನೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಆ ಪ್ರಶ್ನೆಯ ಉತ್ತರವನ್ನು ಬೇರೆಯಾಗಿ ನೋಡಲೇಬೇಕು.

ಮೊದಲ ಭೇಟಿಯಲ್ಲಿ ವಾರದ ಲೆಕ್ಕ ಬರೆಸಿದೆವು. ಭಾನುವಾರ ಸಂಡೇ ಸ್ಕೂಲ್ ಸೇರಿ ಏಳು ಗಂಟೆ. ಮಂಗಳವಾರದ ಮನೆ ಕೂಟ ಎರಡು, ಶುಕ್ರವಾರದ ಉಪವಾಸ ಕೂಟ ಮೂರು, ಶನಿವಾರ ಹಾಡಿನ ಅಭ್ಯಾಸ ಮೂರು. ಹಾಡುಗಳ ಸ್ಲೈಡು, ಕಾಣಿಕೆಯ ಲೆಕ್ಕ ಬರೆಯಲು ಇನ್ನು ಮೂರು. ಒಟ್ಟು 18 ಗಂಟೆ. ಇವುಗಳಲ್ಲಿ ಯಾವುದನ್ನಾದರೂ ‘ಮಾಡ್ತೀಯಾ?’ ಎಂದು ಯಾರಾದರೂ ಕೇಳಿದ್ದರಾ ಎಂದರೆ ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಅದು ಮನೆಗೆಲಸದ ಹಾಗೆಯೇ ನಡೆದುಬಂದಿದೆ.

ಇಷ್ಟಕ್ಕೇ ‘ಕೆಲಸದ ಹೊರೆ ಹೆಚ್ಚಾಗಿದೆ, ರಜೆ ತಗೋ’ ಎಂದು ಕಳಿಸಿಬಿಡುವ ಅಪಾಯವಿತ್ತು. ಮೂರನೆಯ ಭೇಟಿಯಲ್ಲಿ, ಏಳಲು ಹತ್ತು ನಿಮಿಷ ಇರುವಾಗ, ಮೂಲ ವಿಷಯ ಹೊರಬಂತು.

ಹನ್ನೆರಡನೇ ವಯಸ್ಸಿನಲ್ಲಿ ಯೌವನಸ್ಥರ ಶಿಬಿರದ ಕೊನೆಯ ರಾತ್ರಿ ‘ಅಭಿಷೇಕದ ಕೂಟ’, ಅಂದರೆ ಪವಿತ್ರಾತ್ಮ ಇಳಿದು ಬರಲೆಂದು ಪ್ರಾರ್ಥಿಸುವ ಕೂಟ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, ‘ಹಲ್ಲೆಲೂಯಾ ಅಂತ ಬೇಗ ಬೇಗ ಹೇಳು, ನಾಲಿಗೆ ಬಿಟ್ಟುಕೊಡು’ ಎನ್ನುತ್ತಾರೆ. ಪಕ್ಕದವರೆಲ್ಲ ಒಬ್ಬೊಬ್ಬರಾಗಿ ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನೇ ನುಡಿಸುತ್ತಾನೆಂದು ನಂಬುವ, ಕಲಿಯದ ಶಬ್ದಗಳಲ್ಲಿ, ಮಾತಾಡತೊಡಗಿದರು. ಈಕೆ ಮಾತ್ರ ಉಳಿದಳು. ‘ಪಾಸ್ಟರ್ ಮಗಳಿಗೇ ಬರಲಿಲ್ವಾ?’ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ಪಕ್ಕದ ಹುಡುಗಿಯ ಶಬ್ದಗಳನ್ನೇ ಹಿಂದುಮುಂದು ಮಾಡಿ ಹೇಳಿದಳು. ಎಲ್ಲರೂ ಸ್ತೋತ್ರ ಹೇಳಿದರು, ತಂದೆ ಅತ್ತರು, ಮುಂದಿನ ಭಾನುವಾರ ಅದನ್ನೇ ಸಾಕ್ಷಿಯಾಗಿ ಸಭೆಗೆ ಹೇಳಿದರು. ಅಂದಿನಿಂದ ಹನ್ನೊಂದು ವರ್ಷ ಅವೇ ಶಬ್ದಗಳು. ನಡುವೆ ಬೈಬಲ್ಲಿನ ಮಾರ್ಕ 3:29 ಓದಿದಳು: ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲ. ನಾನು ಮಾಡಿದ್ದು ಅದೇ ಎಂದು ನಿಶ್ಚಯಿಸಿಕೊಂಡಳು.

ಇಂಥದ್ದನ್ನು ಬೇರೆ ವಿಶ್ವಾಸಿಯ ಮಗಳಾಗಿದ್ದರೆ ಪಾಸ್ಟರ್ ಬಳಿ ಹೇಳಿ ಅಳುತ್ತಿದ್ದಳು. ಈಕೆಗೆ ಪಾಸ್ಟರ್ ಎಂದರೆ ಅಪ್ಪ. ಅಪ್ಪನಿಗೆ ಹೇಳಿದರೆ ಹನ್ನೊಂದು ವರ್ಷದ ಹಿಂದಿನ ಸಾಕ್ಷಿ ಸುಳ್ಳಾಗುತ್ತದೆ; ಅದು ಸಭೆಯ ಹಿರಿಯರ ಕಿವಿಗೆ ಬಿದ್ದರೆ 1 ತಿಮೊಥೆಯ 3ನೇ ಅಧ್ಯಾಯ ತೆರೆಯುತ್ತಾರೆ. ಸ್ವಂತ ಮನೆಯನ್ನು ನಡೆಸಲಾರದವನು ಸಭೆಯನ್ನು ಹೇಗೆ ನೋಡಿಕೊಂಡಾನು ಎಂಬ ಮಾತು ಅಲ್ಲಿದೆ. ತಂದೆಯ ಹುದ್ದೆ, ಬಾಡಿಗೆ, ತಮ್ಮನ ಕಾಲೇಜು ಫೀಸು ಎಲ್ಲವೂ ತನ್ನ ನಾಲಿಗೆಯ ಮೇಲೆ ನಿಂತಿವೆ ಎಂದು ಆಕೆ ನಂಬಿದ್ದಳು. ಆ ನಂಬಿಕೆ ಪೂರ್ತಿ ಭ್ರಮೆಯೂ ಅಲ್ಲ. ಪಾಸ್ಟರ್ ಮಕ್ಕಳ ಜೊತೆ ಕೆಲಸ ಮಾಡುವವರು ಈ ಆರ್ಥಿಕ ಸತ್ಯವನ್ನು ಮರೆತು ‘ಧೈರ್ಯವಾಗಿ ಹೇಳಿಬಿಡು’ ಎಂದು ಸಲಹೆ ಕೊಡುವುದು ಕ್ರೂರ.

ಆರು ತಿಂಗಳ ಹಿಂದೆ ಹೊಸದಾಗಿ ಸೇರಿದ್ದು ಮದುವೆಯ ಮಾತು. ಆಕೆಗೆ ಹದಿನೈದಾಗಿದ್ದಾಗ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ‘ಇವಳು ಸೇವಕನ ಹೆಂಡತಿಯಾಗುತ್ತಾಳೆ’, ಅಂದರೆ ಪಾಸ್ಟರ್‌ನನ್ನು ಮದುವೆಯಾಗುತ್ತಾಳೆ ಎಂದು ಪ್ರವಾದಿಸಿದ್ದರು. ಈಗ ಒಬ್ಬ ಯುವ ಪಾಸ್ಟರ್‌ನ ಸಂಬಂಧ ಬಂದಿತ್ತು.

ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡುವ ಅಭ್ಯಾಸ, ದಿನಕ್ಕೆರಡು ಬಾರಿ ಐದೈದು ನಿಮಿಷ, ಕೈನಡುಕಕ್ಕೆ ಬೇಗ ನೆರವಾಯಿತು. ಕಷ್ಟವಾದದ್ದು ರಾತ್ರಿಯ ಪ್ರಾರ್ಥನೆ. ಮಲಗುವ ಮುನ್ನ ‘ಕ್ಷಮಿಸು’ ಎಂಬ ಒಂದೇ ವಾಕ್ಯವನ್ನು ನಲವತ್ತು ಐವತ್ತು ಸಲ ಹೇಳುತ್ತಿದ್ದಳು. ಮನಸ್ಸು ಎಲ್ಲೋ ಹೋದರೆ ಮತ್ತೆ ಮೊದಲಿನಿಂದ. ಅರ್ಧ ಗಂಟೆ ಹಿಡಿಯುತ್ತಿತ್ತು. ಇದು ಭಕ್ತಿಯ ಹೆಚ್ಚಳವಲ್ಲ, ಗೀಳಿನ ಸ್ವರೂಪದ ಪಾಪಭೀತಿ. ದಿನಕ್ಕೆ ಒಂದು ಗಂಟೆ ದಾಟಿದರೆ ಗೀಳು ಕಾಯಿಲೆಯ ಅನುಮಾನ ಬಲವಾಗುತ್ತದೆ. ಈಕೆಯದು ಅಷ್ಟಿರದಿದ್ದರೂ ಮನೋವೈದ್ಯರಿಗೂ ತೋರಿಸಿದೆವು. ಸದ್ಯ ಮಾತ್ರೆ ಬೇಡ, ಎಂಟು ವಾರದ ಬಳಿಕ ಮತ್ತೆ ನೋಡೋಣ ಎಂದರು.

ಇಲ್ಲಿ ಸಲಹೆಗಾರರು ಎಡವುವ ಜಾಗ ಒಂದಿದೆ. ‘ದೇವರು ಕ್ಷಮಿಸಿದ್ದಾನೆ ಬಿಡಮ್ಮ’ ಎಂದರೆ ಆ ದಿನ ಹಗುರವಾಗುತ್ತದೆ. ಮರುದಿನ ಅದೇ ಭರವಸೆ ಮತ್ತೆ ಬೇಕಾಗುತ್ತದೆ, ಗೀಳಿಗೆ ಮೇವು ಹಾಕಿದಂತೆ. ಕೊಟ್ಟ ಕ್ರಮ ಬೇರೆ: ಕ್ಷಮೆಯ ವಾಕ್ಯ ರಾತ್ರಿಗೆ ಒಂದೇ ಸಲ, ಮನಸ್ಸು ಚದುರಿದರೂ ಮತ್ತೆ ಹೇಳುವಂತಿಲ್ಲ. ಮತ್ತೆ ಹೇಳಬೇಕೆನಿಸಿದಾಗ ಆತಂಕಕ್ಕೆ ಹತ್ತರಲ್ಲಿ ಅಂಕ ಬರೆದು, ಹತ್ತು ನಿಮಿಷ ತಡೆದು, ಮತ್ತೊಮ್ಮೆ ಬರೆಯಬೇಕು. ಮೊದಲ ವಾರ ಒಂಬತ್ತು ಇದ್ದದ್ದು, ಹತ್ತು ನಿಮಿಷದ ನಂತರವೂ ಒಂಬತ್ತೇ ಇತ್ತು. ನಾಲ್ಕನೇ ವಾರ ಏಳು ಇದ್ದದ್ದು ಮೂರಕ್ಕೆ ಇಳಿಯಿತು.

ದೇವರ ವಿಷಯದ ಪ್ರಶ್ನೆಗೆ ಉತ್ತರ ಕೊಡುವವರು ನಾವಲ್ಲ. ಆಕೆಗೆ ತನ್ನದೇ ಒಬ್ಬ ಪಾಸ್ಟರ್ ಬೇಕಿತ್ತು. ಹುಡುಕಲು ಮೂರು ಷರತ್ತು ಇಟ್ಟೆವು: ತಂದೆಯ ಪಾಸ್ಟರ್ಸ್ ಫೆಲೋಶಿಪ್‌ನಲ್ಲಿ ಇರಬಾರದು, ತಂದೆಯಿಂದ ಹಣವಾಗಲಿ ವೇದಿಕೆಯಾಗಲಿ ಪಡೆಯುವವರಾಗಿರಬಾರದು, ‘ತಂದೆಗೆ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಡಬೇಕು. ಬೇರೆ ಪಂಗಡದ, ನಿವೃತ್ತ ಹಿರಿಯ ಸೇವಕಿಯೊಬ್ಬರು ಒಪ್ಪಿದರು. ಅವರು ಮಾರ್ಕನ ಆ ವಚನದ ಹಿಂದುಮುಂದಿನ ಭಾಗ ಓದಿಸಿದರು. ಯೇಸುವಿನಲ್ಲಿ ದೆವ್ವವಿದೆ ಎಂದ ಶಾಸ್ತ್ರಿಗಳಿಗೆ ಹೇಳಿದ ಮಾತದು. 1 ಕೊರಿಂಥ 12:30 ತೋರಿಸಿದರು. ಎಲ್ಲರೂ ಅನ್ಯಭಾಷೆ ಮಾತಾಡುತ್ತಾರೋ ಎಂದು ಪೌಲನೇ ಕೇಳಿದ್ದಾನೆ. ಅನ್ಯಭಾಷೆಯೇ ಅಭಿಷೇಕದ ಮೊದಲ ಗುರುತು ಎಂಬುದು ಹಲವು ಪೆಂಟೆಕೋಸ್ಟಲ್ ಸಭೆಗಳ ಬೋಧನೆ, ಎಲ್ಲ ಕ್ರೈಸ್ತರದ್ದಲ್ಲ ಎಂಬುದು ಆಕೆಗೆ ಹೊಸ ಸುದ್ದಿ. ಆ ಅಮ್ಮನವರಿಗೆ ನಮ್ಮದೊಂದು ಕೋರಿಕೆ ಇತ್ತು: ವಿವರಣೆ ಒಂದೇ ಸಲ. ಮತ್ತೆ ಕೇಳಿದರೆ ‘ಅದನ್ನ ಮಾತಾಡಿ ಆಯ್ತಲ್ಲಮ್ಮ’ ಅನ್ನಬೇಕು. ಪಾಲಿಸಿದರು.

ಮನೆಯಲ್ಲಿ ಕೇಳಬೇಕಾದ್ದು ಎರಡೇ ಎಂದು ನಿರ್ಧರಿಸಿದೆವು: ತಿಂಗಳಿಗೆ ಒಂದು ಭಾನುವಾರ ಕೀಬೋರ್ಡ್‌ನಿಂದ ಬಿಡುವು, ಮತ್ತು ತನ್ನ ವಿಷಯವನ್ನು ಪ್ರಸಂಗದಲ್ಲಿ ಉದಾಹರಣೆಯಾಗಿ ಹೇಳುವ ಮುನ್ನ ತನ್ನ ಒಪ್ಪಿಗೆ. ಅನ್ಯಭಾಷೆಯ ಗುಟ್ಟು ಈ ಮಾತುಕತೆಗೆ ಬೇಡ. ಆಕೆ ಕಾಯಲಾರದೆ ಒಂದು ಶನಿವಾರ ರಾತ್ರಿ ಈ ಬೇಡಿಕೆಗಳನ್ನು ತಾಯಿಗೆ ಹೇಳಿದಳು. ತಾಯಿ ಬೆದರಿ, ತಲೆಯ ಮೇಲೆ ಕೈಯಿಟ್ಟು ದುರಾತ್ಮದಿಂದ ಬಿಡುಗಡೆಯ ಪ್ರಾರ್ಥನೆ ಮಾಡಿದರು. ಎರಡು ವಾರ ಮತ್ತೆ ನಿದ್ದೆ ಕೆಟ್ಟಿತು. ತಾಯಿಯದು ಕೆಡುಕಲ್ಲ, ಮಗಳು ನಂಬಿಕೆಯಿಂದ ಹಿಂಜಾರುತ್ತಿದ್ದಾಳೆ ಎಂಬ ಭಯಕ್ಕೆ ಅವರ ಕೈಯಲ್ಲಿದ್ದ ಔಷಧ ಅದೊಂದೇ. ತಪ್ಪಿದ್ದು ಸಮಯ. ಶನಿವಾರ ಪ್ರಸಂಗದ ತಯಾರಿ, ಭಾನುವಾರ ಸಂಜೆ ದಣಿವು. ಪಾಸ್ಟರ್ ಮನೆಯಲ್ಲಿ ಮಾತಾಡಲು ಸೋಮವಾರವೇ ಸರಿ, ಅದೂ ಮನೆಯಿಂದ ಹೊರಗೆ, ಏಕೆಂದರೆ ಕೆಳಗಿನ ಹಾಲ್‌ಗೆ ಬಂದವರು ಯಾವಾಗ ಬೇಕಾದರೂ ಮೆಟ್ಟಿಲು ಹತ್ತುತ್ತಾರೆ.

ಮೊದಲ ವಾಕ್ಯ ಬರೆದು ಅಭ್ಯಾಸ ಮಾಡಿಸಿದೆವು: ‘ಅಪ್ಪ, ಈಗ ಪಾಸ್ಟರ್ ಹತ್ರ ಅಲ್ಲ, ಅಪ್ಪನ ಹತ್ರ ಮಾತಾಡ್ಬೇಕು.’ ತಂದೆ ಬಹಳ ಹೊತ್ತು ಸುಮ್ಮನಿದ್ದು, ‘ಸಭೆಗೆ ಏನಂತ ಹೇಳ್ಲಿ?’ ಎಂದರಂತೆ. ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವಿಲ್ಲದೆ ಹೋದರೆ ಮಾತು ಅಲ್ಲೇ ಮುರಿಯುತ್ತದೆ. ‘ಇನ್ನೊಬ್ಬರು ಕಲೀತಿದ್ದಾರೆ, ಅವರಿಗೂ ಅವಕಾಶ ಅಂತ ಹೇಳಿ’ ಎಂದಳು. ಅದು ನಿಜವೂ ಆಗಿತ್ತು: ಹದಿನಾರರ ಹುಡುಗನೊಬ್ಬನಿಗೆ ಆರು ವಾರದಿಂದ ಕಲಿಸುತ್ತಿದ್ದಳು. ಅವನಿಗೆ ಇಷ್ಟವಿದೆಯೇ ಎಂದು ಮೊದಲೇ ಕೇಳಿಸಿದ್ದೆವು.

ನಂತರ ತಂದೆ ತಾವಾಗಿಯೇ ಒಮ್ಮೆ ಬಂದರು. ಪ್ರಸಂಗದ ವಿಷಯದಲ್ಲಿ ಅವರಿಗೆ ಹೇಳಿದ್ದು ಇಷ್ಟು: ಒಪ್ಪಿಗೆಯನ್ನು ಶನಿವಾರಕ್ಕೆ ಮೊದಲೇ ಕೇಳಿ, ಮಗಳು ಬೇಡವೆಂದರೆ ಕಾರಣ ಕೇಳಬೇಡಿ. ಮದುವೆಯ ಪ್ರವಾದನೆಯ ಬಗ್ಗೆ 1 ಕೊರಿಂಥ 14:29 ಅನ್ನು ಎತ್ತಿದವರು ಅವರೇ. ಪ್ರವಾದಿಗಳು ಹೇಳಿದ್ದನ್ನು ಮಿಕ್ಕವರು ವಿವೇಚಿಸಬೇಕೆಂದು ಅಲ್ಲಿದೆ. ಹಾಗಾದರೆ ವಿವೇಚಿಸುವವರಲ್ಲಿ ಮಗಳೂ ಒಬ್ಬಳಲ್ಲವೇ ಎಂದು ಕೇಳಿದೆವು. ಹೌದೆಂದರು. ಆ ಸಂಬಂಧ ಮುಂದುವರಿಯಲಿಲ್ಲ.

ಐದು ತಿಂಗಳಲ್ಲಿ ಒಂಬತ್ತು ಭೇಟಿ. ಕೊನೆಗೆ ಜಿಎಡಿ-7 ಆರಕ್ಕೆ ಇಳಿದಿತ್ತು. ಬಿಡುವಿನ ಭಾನುವಾರ ಆಕೆ ಹಿಂದಿನ ಸಾಲಿನಲ್ಲಿ, ತಮ್ಮನ ಪಕ್ಕ ಕೂರುತ್ತಾಳೆ. ಅನ್ಯಭಾಷೆಯ ಸಮಯದಲ್ಲಿ ಬಾಯಿ ಮುಚ್ಚಿಯೇ ಪ್ರಾರ್ಥಿಸುತ್ತಾಳೆ. ಶಿಬಿರದ ರಾತ್ರಿಯ ವಿಷಯ ತಂದೆಗೆ ಇನ್ನೂ ಗೊತ್ತಿಲ್ಲ. ಹೇಳುವುದೋ ಬಿಡುವುದೋ ಆಕೆಗೆ ಬಿಟ್ಟದ್ದು, ನಾವು ಅವಸರ ಮಾಡಿಲ್ಲ.