ದೆವ್ವ ಯಾವ ಭಾಷೆಯಲ್ಲಿ ಮಾತಾಡಬೇಕು?

ಸಂಪಾದಕರ ಉತ್ತರ

ಡೊಂಬಿವಲಿ ಪೂರ್ವದಿಂದ ಬಂದ ಪತ್ರದ ಸಾರ ಇದು: “ನವರಾತ್ರಿಗೆ ಮುಂಚೆ ಮೂರು ಭಾನುವಾರ ನಮ್ಮ ಕಟ್ಟಡದ ಕನ್ನಡಿಗರೆಲ್ಲ ಸೇರಿ ‘ಮಣಿಚಿತ್ರತಾಳ್’, ‘ಆಪ್ತಮಿತ್ರ’, ‘ಭೂಲ್ ಭುಲಯ್ಯಾ’ ಮೂರನ್ನೂ ನೋಡಿ ಚರ್ಚೆ ಮಾಡಬೇಕೆಂದಿದ್ದೇವೆ. ಮಕ್ಕಳಿಗೆ ಹಿಂದಿಯದೇ ಇಷ್ಟ, ನಮಗೆ ವಿಷ್ಣುವರ್ಧನ್ ಅವರದು. ಮಲಯಾಳದ್ದನ್ನು ಹೆಚ್ಚಿನವರು ನೋಡಿಯೇ ಇಲ್ಲ. ಹಿಂದಿಯವರು ಹಾಸ್ಯ ತುರುಕಿ ಹೆದರಿಕೆಯನ್ನೇ ಕೆಡಿಸಿದರು ಅಂತ ನನ್ನ ಅಭಿಪ್ರಾಯ. ಏನೇ ಆದರೂ ಮೂಲವೇ ಮೇಲು ಅಲ್ಲವೇ? ಚರ್ಚೆ ಜಗಳಕ್ಕೆ ತಿರುಗದಂತೆ ಹೇಗೆ ನಡೆಸುವುದು? ಎಂಟು ವರ್ಷದ ಮೊಮ್ಮಗಳನ್ನು ಕೂರಿಸಿಕೊಳ್ಳಬಹುದೇ?”

ಮಾನ್ಯರೇ,

ಈ ಮೂರೂ ಒಂದೇ ಕಥೆ: ಮೂಲ ಮಲಯಾಳದ ‘ಮಣಿಚಿತ್ರತಾಳ್’, ಉಳಿದೆರಡು ಅದರ ಕನ್ನಡ, ಹಿಂದಿ ಮರುನಿರ್ಮಾಣ. ಮೂಲವೇ ಮೇಲು ಎಂಬ ತೀರ್ಮಾನ ಇಟ್ಟುಕೊಂಡು ಕೂತರೆ ಚರ್ಚೆಗೆ ಉಳಿಯುವುದು ಏನೂ ಇಲ್ಲ. ಈ ಮೂರರಲ್ಲಿ ಮಲಯಾಳದ್ದೇ ಹೆಚ್ಚು ಗಟ್ಟಿ ಎಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಅದು ಮೊದಲು ಬಂತು ಎಂಬ ಕಾರಣಕ್ಕಲ್ಲ. ಇನ್ನು ಹಾಸ್ಯದ ಮಾತನ್ನು ನಾನು ಒಪ್ಪುವುದಿಲ್ಲ.

ಮುಂದೆ ಓದುವವರಿಗೆ ಒಂದು ಸೂಚನೆ. ಕಥೆಯ ಗುಟ್ಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಮೂರರಲ್ಲಿ ಒಂದನ್ನೂ ನೋಡದವರು ಈ ಪುಟವನ್ನು ಮಡಚಿಟ್ಟು ಮೊದಲು ಮಲಯಾಳದ್ದನ್ನು ನೋಡಿ ಬನ್ನಿ.

ಮೂಲ ಚಿತ್ರ ತೆರೆಗೆ ಬಂದದ್ದು 1993ರ ಡಿಸೆಂಬರಿನಲ್ಲಿ. ಬರೆದವರು ಮಧು ಮುಟ್ಟಂ, ನಿರ್ದೇಶಕರು ಫಾಸಿಲ್. ಕೇರಳದ ಹಳೆಯ ತರವಾಡು ಮನೆ, ಅದರ ದಕ್ಷಿಣದ ಭಾಗಕ್ಕೆ ಬೀಗ. ಒಳಗೆ ನಾಗವಲ್ಲಿ ಎಂಬ ತಂಜಾವೂರಿನ ನರ್ತಕಿಯ ಕಥೆ. ಕೋಲ್ಕತ್ತದಿಂದ ಗಂಡನೊಂದಿಗೆ ಬಂದ ಗಂಗಾ ಆ ಬೀಗ ತೆಗೆಸುತ್ತಾಳೆ. ಅಲ್ಲಿಂದ ಮನೆಯಲ್ಲಿ ಅನಾಹುತಗಳು ಶುರು, ಅನುಮಾನವೆಲ್ಲ ಶ್ರೀದೇವಿ ಎಂಬ ಇನ್ನೊಬ್ಬ ಹೆಣ್ಣುಮಗಳ ಮೇಲೆ. ಆ ಶ್ರೀದೇವಿಯ ಪಾತ್ರ ಮಾಡಿದವರು ನಮ್ಮ ಉಡುಪಿಯ ವಿನಯಾ ಪ್ರಸಾದ್. ನಾಗವಲ್ಲಿಯ ಪ್ರಿಯಕರನಾಗಿ ಕುಣಿದವರು ಕನ್ನಡದ ನಟ, ಭರತನಾಟ್ಯ ಕಲಾವಿದ ಶ್ರೀಧರ್; ‘ಆಪ್ತಮಿತ್ರ’ದಲ್ಲೂ ಅದೇ ಪಾತ್ರಕ್ಕೆ ಅವರೇ ಬಂದರು. ಹಾಗಾಗಿ ಮಲಯಾಳ ಚಿತ್ರ ಪೂರ್ತಿ ಪರಕೀಯ ಎಂದು ನಿಮ್ಮ ಬಳಗದವರು ಅಂದುಕೊಳ್ಳುವುದು ಬೇಡ.

ದೆವ್ವ ಇಲ್ಲ, ಇರುವುದು ಗಂಗಾಳ ಮನಸ್ಸಿನ ಒಡಕು ಎಂದು ಕಂಡುಹಿಡಿಯುವವನು ಮನೋವೈದ್ಯ ಸನ್ನಿ, ಅಂದರೆ ಮೋಹನ್‌ಲಾಲ್. ಅಷ್ಟು ದೊಡ್ಡ ನಟ ತೆರೆಗೆ ಬರುವುದು ಕಥೆ ಬಹುದೂರ ಸಾಗಿದ ಮೇಲೆ. ಇದನ್ನು ಚರ್ಚೆಯಲ್ಲಿ ಮೊದಲು ಎತ್ತಿಕೊಳ್ಳಿ. ನಾಯಕನಿಲ್ಲದ ಆ ಹೊತ್ತಿನಲ್ಲಿ ಮನೆಯೇ ಪ್ರೇಕ್ಷಕನನ್ನು ಹಿಡಿದಿಡುತ್ತದೆ. ಯಾರು ಎಲ್ಲಿ ಮಲಗುತ್ತಾರೆ, ಮೆಟ್ಟಿಲು ಎಲ್ಲಿದೆ, ಯಾವ ಬಾಗಿಲಿನಿಂದ ಯಾವುದಕ್ಕೆ ಹೋಗಬಹುದು ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ರಾತ್ರಿ ಗೆಜ್ಜೆಯ ಸದ್ದು ಕೇಳಿದಾಗ ಅದು ಯಾವ ದಿಕ್ಕಿನದು ಎಂದು ನಮಗೇ ತಿಳಿಯುತ್ತದೆ, ಆಗ ಬೆನ್ನು ತಣ್ಣಗಾಗುತ್ತದೆ. ಕಾಪಾಡುವವನು ಯಾರೆಂದು ಮುಂಚೆಯೇ ತಿಳಿದರೆ ಈ ಭಯ ಅರ್ಧಕ್ಕೆ ಇಳಿಯುತ್ತದೆ. 2004ರ ‘ಆಪ್ತಮಿತ್ರ’ದಲ್ಲಿ ನಿರ್ದೇಶಕ ಪಿ. ವಾಸು ವಿಷ್ಣುವರ್ಧನ್ ಅವರನ್ನು ಬೇಗ ತಂದರು, ಮರು ವರ್ಷದ ತಮಿಳು ‘ಚಂದ್ರಮುಖಿ’ಯಲ್ಲಿ ರಜನಿಕಾಂತ್ ಅವರನ್ನೂ ಹಾಗೆಯೇ. ಚಿತ್ರಮಂದಿರದ ಲೆಕ್ಕದಲ್ಲಿ ಅದು ಗೆದ್ದಿತು, ಭಯದ ಲೆಕ್ಕದಲ್ಲಿ ಸೋತಿತು. ವಿಷ್ಣು ಅವರ ಅಭಿನಯದಲ್ಲಿ ಕೊರತೆಯಿಲ್ಲ. ಅವರು ಮನೆಯಲ್ಲಿದ್ದಾರೆ ಎಂಬ ಧೈರ್ಯವೇ ನಮಗೆ ಅಡ್ಡಿಯಾಗುತ್ತದೆ.

2007ರ ‘ಭೂಲ್ ಭುಲಯ್ಯಾ’ ಈ ವಿಷಯದಲ್ಲಿ ಮೂಲಕ್ಕೆ ಹೆಚ್ಚು ನಿಷ್ಠೆಯಿಂದಿದೆ. ಅಕ್ಷಯ್ ಕುಮಾರ್ ಬರುವುದು ತಡವಾಗಿ. ಇದಕ್ಕೊಂದು ಹಿನ್ನೆಲೆಯೂ ಇದೆ: ನಿರ್ದೇಶಕ ಪ್ರಿಯದರ್ಶನ್ 1993ರ ಚಿತ್ರದಲ್ಲಿ ಎರಡನೇ ಘಟಕದ, ಅಂದರೆ ಮುಖ್ಯ ತಂಡದಿಂದ ಬೇರೆಯಾಗಿ ಕೆಲವು ದೃಶ್ಯ ತೆಗೆಯುವ ತಂಡದ, ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಸಿಬಿ ಮಲಯಿಲ್, ಸಿದ್ದಿಕ್–ಲಾಲ್ ಕೂಡ ಹಾಗೆಯೇ ಕೆಲಸ ಮಾಡಿದ್ದರು. ಮೂಲದ ಅಡಿಪಾಯ ಹಾಕುವಾಗ ಜೊತೆಗಿದ್ದವರೇ ಹಿಂದಿಯಲ್ಲಿ ಕಟ್ಟಿದರು ಎಂಬುದು ನೆನಪಿರಲಿ.

ಈಗ ಹಾಸ್ಯಕ್ಕೆ ಬರೋಣ. ಮಲಯಾಳದ್ದನ್ನು ನೋಡಿದಾಗ ನಿಮ್ಮವರಿಗೆ ಆಶ್ಚರ್ಯ ಕಾದಿದೆ. ಅದರ ಮೊದಲ ಭಾಗದ ತುಂಬ ನಗು. ಇನ್ನೊಸೆಂಟ್, ನೆಡುಮುಡಿ ವೇಣು, ಕುದಿರವಟ್ಟಂ ಪಪ್ಪು ಎಲ್ಲರೂ ನಗಿಸುತ್ತಾರೆ. ಆದರೆ ಅವರು ನಗಿಸುವುದು ಹೆದರಿ. ಕತ್ತಲಲ್ಲಿ ಒಬ್ಬರನ್ನೊಬ್ಬರು ಮುಂದೆ ತಳ್ಳುವುದು, ಮಂತ್ರದ ದಾರ ಕಟ್ಟಿಕೊಳ್ಳುವುದು, ಇಲ್ಲದ್ದನ್ನು ಕಂಡು ಓಡುವುದು. ಪ್ರತಿ ನಗುವಿನ ಬೆನ್ನಿಗೂ ಆ ಬೀಗ ಹಾಕಿದ ಕೋಣೆಯ ಹೆಸರಿದೆ. ಹಿಂದಿಯಲ್ಲಿ ಪರೇಶ್ ರಾವಲ್, ರಾಜಪಾಲ್ ಯಾದವ್, ಅಸ್ರಾನಿಯಂಥವರು ಇದ್ದಾರೆ, ಯಾರೂ ಕಡಿಮೆಯವರಲ್ಲ. ಅಲ್ಲಿ ಹಲವು ಕಡೆ ನಗು ಕೋಣೆಯನ್ನು ಬಿಟ್ಟು ತನ್ನ ಪಾಡಿಗೆ ತಾನು ನಡೆಯುತ್ತದೆ. ಅಂಥ ದೃಶ್ಯ ಮುಗಿದಾಗ ಭಯವನ್ನು ಮತ್ತೆ ಸೊನ್ನೆಯಿಂದ ಎಬ್ಬಿಸಬೇಕಾಗುತ್ತದೆ. ನೋಡುವಾಗ ಒಂದು ಕಾಗದದಲ್ಲಿ ಎರಡು ಕಾಲಂ ಎಳೆದು, ಪ್ರತಿ ಹಾಸ್ಯ ದೃಶ್ಯದ ಎದುರು ‘ಕೋಣೆಗೆ ಸಂಬಂಧ ಇದೆ’, ‘ಇಲ್ಲ’ ಎಂದು ಗುರುತು ಹಾಕಿಸಿ. ವಾದಕ್ಕಿಂತ ಆ ಕಾಗದ ಹೆಚ್ಚು ಹೇಳುತ್ತದೆ.

ನನಗೆ ಮುಖ್ಯವೆನಿಸುವ ವಿಷಯ ನಾಗವಲ್ಲಿಯ ಭಾಷೆ. ಮಲಯಾಳದಲ್ಲಿ ಅವಳು ತಮಿಳಿನವಳು. ಕನ್ನಡದಲ್ಲಿ ತೆಲುಗಿನವಳು, ‘ರಾ ರಾ’ ಎಂದು ಹಾಡುತ್ತಾಳೆ. ತಮಿಳಿಗೆ ಹೋದಾಗಲೂ ತೆಲುಗಿನವಳೇ. ಹಿಂದಿಯಲ್ಲಿ ಮಂಜುಲಿಕಾ ಎಂಬ ಬಂಗಾಳಿ. ಪ್ರತಿ ಮರುನಿರ್ಮಾಣದಲ್ಲೂ ಈ ಆಯ್ಕೆಯನ್ನು ಹೊಸದಾಗಿ ಮಾಡಲೇಬೇಕಾಯಿತು, ಏಕೆಂದರೆ ಕಥೆ ನಿಂತಿರುವುದೇ ಇದರ ಮೇಲೆ. ಗಂಗಾ ದಿನವೂ ಆಡುವ ಮಾತು ಒಂದು, ಅವಳ ಬಾಯಿಂದ ತಟ್ಟನೆ ಬರುವ ಮಾತು ಇನ್ನೊಂದು. ಆ ಇನ್ನೊಂದು ಭಾಷೆ ಪ್ರೇಕ್ಷಕರಿಗೆ ಪೂರ್ತಿ ತಿಳಿದರೆ ಅಪರಿಚಿತತನ ಹೋಗುತ್ತದೆ, ಏನೂ ತಿಳಿಯದಿದ್ದರೆ ಬರೀ ಗದ್ದಲವಾಗುತ್ತದೆ. ಮುಕ್ಕಾಲು ತಿಳಿಯಬೇಕು, ಕಾಲು ಭಾಗ ಕತ್ತಲಲ್ಲಿರಬೇಕು.

ಮಲಯಾಳಿಗಳಿಗೆ ತಮಿಳು ಸರಿಯಾಗಿ ಹಾಗೆಯೇ. ಜೊತೆಗೆ ಇತಿಹಾಸವೂ ಬೆಂಬಲಕ್ಕಿದೆ: ತಂಜಾವೂರಿನ ನಾಲ್ವರು ನಟ್ಟುವ (ನೃತ್ಯಗುರು) ಸೋದರರಲ್ಲಿ ಒಬ್ಬರಾದ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳ್ ಆಸ್ಥಾನದಲ್ಲಿದ್ದರು. ತಂಜಾವೂರಿನ ನರ್ತಕಿ ಕೇರಳದ ಮನೆಗೆ ಬಂದಳೆಂದರೆ ನಂಬಲು ಕಷ್ಟವಿಲ್ಲ. ಬೆಂಗಳೂರು, ಕೋಲಾರದ ಕಡೆಯವರಿಗೆ ತೆಲುಗು ಕೂಡ ಅಷ್ಟೇ ಹತ್ತಿರ. ‘ಆಪ್ತಮಿತ್ರ’ದಲ್ಲಿ ಗಂಗಾ ಆದ ಸೌಂದರ್ಯ ಅವರು ಆ ಸೀಮೆಯ ಕನ್ನಡದವರು, ತೆಲುಗಿನ ದೊಡ್ಡ ತಾರೆ. ಎರಡೂ ನೆಲ ಅವರದೇ. ನಿಮ್ಮ ಕಟ್ಟಡದಲ್ಲಿ ದಕ್ಷಿಣ ಕನ್ನಡ, ಉಡುಪಿಯವರೇ ಹೆಚ್ಚಿದ್ದರೆ ಅವರಿಗೆ ‘ಆಪ್ತಮಿತ್ರ’ದ ತೆಲುಗು ಸ್ವಲ್ಪ ದೂರವಾಗಬಹುದು. ಯಾರಿಗೆ ಎಷ್ಟು ತಟ್ಟಿತು ಎಂದು ಊರಿನ ಲೆಕ್ಕದಲ್ಲಿ ಕೇಳಿ ನೋಡಿ. ಬಂಗಾಳಿಯ ಆಯ್ಕೆಯನ್ನೂ ನಾನು ಕೀಳು ಮಾಡುವುದಿಲ್ಲ. ಹಿಂದಿಯಲ್ಲಿ ಆ ಪಾತ್ರ ಮಾಡಿದ ವಿದ್ಯಾ ಬಾಲನ್ ಚೆಂಬೂರಿನಲ್ಲಿ ಬೆಳೆದ ಪಾಲಕ್ಕಾಡು ತಮಿಳು ಮನೆತನದವರು, ಅವರ ಮೊದಲ ಚಿತ್ರವೇ 2003ರ ಬಂಗಾಳಿ ಚಿತ್ರ. ನಾಲಗೆ ತಡವರಿಸುವುದಿಲ್ಲ.

ದನಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ವ್ಯತ್ಯಾಸವಿದೆ. ಮಲಯಾಳದಲ್ಲಿ ಶೋಭನಾ ಅವರ ಗಂಗಾಳಿಗೆ ಕಂಠ ಕೊಟ್ಟವರು ಭಾಗ್ಯಲಕ್ಷ್ಮಿ, ನಾಗವಲ್ಲಿಯ ತಮಿಳಿಗೆ ದುರ್ಗಾ. ಎಂದರೆ ಒಂದೇ ಮುಖದಿಂದ ಎರಡು ಗಂಟಲು. ವಿದ್ಯಾ ಎರಡನ್ನೂ ತಾವೇ ಮಾತಾಡಿದ್ದಾರೆ. ಮೊದಲನೆಯದರಲ್ಲಿ ಯಾರೋ ಒಳಗೆ ಬಂದು ಕೂತಂತಾಗಿ ಮೈ ಜುಮ್ಮೆನ್ನುತ್ತದೆ. ಎರಡನೆಯದರಲ್ಲಿ ಅದೇ ಹುಡುಗಿ ಒಡೆದುಹೋಗುತ್ತಿದ್ದಾಳೆ ಎಂಬ ಸಂಕಟ. ಕಾಯಿಲೆಯ ಕಥೆ ಎಂದು ತೆಗೆದುಕೊಂಡರೆ ವಿದ್ಯಾ ಅವರದು ಹೆಚ್ಚು ಪ್ರಾಮಾಣಿಕ ಎಂದೇ ಹೇಳುತ್ತೇನೆ. ಹೆದರಿಕೆಗೆ ಶೋಭನಾ. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ.

ಹಾಗಾದರೆ ಮೂಲವನ್ನು ಅಕ್ಷರಶಃ ನಕಲು ಮಾಡಿದರೆ ಭಯವೂ ಬರುತ್ತದೆಯೇ? ಇದನ್ನು ಒಬ್ಬರು ಪರೀಕ್ಷಿಸಿಯೇ ನೋಡಿದ್ದಾರೆ. ಹಿಚ್‌ಕಾಕ್ ಅವರ 1960ರ ‘ಸೈಕೋ’ವನ್ನು 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಹೆಚ್ಚುಕಡಿಮೆ ಶಾಟಿಗೆ ಶಾಟ್ ಇಟ್ಟು ಮತ್ತೆ ತೆಗೆದರು. ಜೋಸೆಫ್ ಸ್ಟೆಫಾನೊ ಅವರ ಅದೇ ಚಿತ್ರಕಥೆ, ಬರೀ ತಂತಿವಾದ್ಯಗಳಿಗೆ ಬರ್ನಾರ್ಡ್ ಹರ್ಮನ್ ಬರೆದ ಅದೇ ಸಂಗೀತ. ಬದಲಾದದ್ದು ಬಣ್ಣ, ನಟರು, ಕದ್ದ ಹಣ 40,000 ಡಾಲರ್‌ನಿಂದ 4,00,000ಕ್ಕೆ ಏರಿದ್ದು, ಅಲ್ಲಲ್ಲಿ ಸೇರಿಸಿದ ಕೆಲವು ತುಣುಕುಗಳು. ಫಲಿತಾಂಶ ಚಪ್ಪಟೆ. 1960ರಲ್ಲಿ ದೊಡ್ಡ ತಾರೆಯೊಬ್ಬಳು ಚಿತ್ರ ಅರ್ಧವಾಗುವ ಮುಂಚೆಯೇ ಸಾಯುತ್ತಾಳೆಂದು ಯಾರೂ ಊಹಿಸಿರಲಿಲ್ಲ. 1998ರಲ್ಲಿ ಆ ಸ್ನಾನದ ಮನೆಯ ದೃಶ್ಯ ಎಲ್ಲರಿಗೂ ಬಾಯಿಪಾಠ. ಕಪ್ಪು ಬಿಳುಪಿನಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಗಿತ್ತು, ಉಳಿದುದನ್ನು ನೋಡುವವರ ಕಲ್ಪನೆ ತುಂಬಿಕೊಂಡಿತ್ತು. ಬಣ್ಣ ಬಂದಾಗ ಕಲ್ಪನೆಗೆ ಕೆಲಸ ಉಳಿಯಲಿಲ್ಲ. ಶಾಟನ್ನು ನಕಲಿಸಬಹುದು, ಪ್ರೇಕ್ಷಕನಿಗೆ ಯಾವಾಗ ಏನು ಗೊತ್ತಿತ್ತು ಎಂಬುದನ್ನು ಆಗುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ದೆವ್ವದ ಭಾಷೆಯನ್ನೇ ಬದಲಿಸಿದ ವಾಸು, ಪ್ರಿಯದರ್ಶನ್ ಇಬ್ಬರೂ ವ್ಯಾನ್ ಸ್ಯಾಂಟ್ ಅವರಿಗಿಂತ ಮೂಲವನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು.

ತುಳುನಾಡಿನವರಿಗೆ ಇನ್ನೊಂದು ವಿಷಯ ಬೇಗ ಹೊಳೆಯುತ್ತದೆ. ಗುತ್ತಿನ ಮನೆ, ದೈವದ ಕೋಣೆ, ದರ್ಶನ ಬಂದವರ ದನಿ ಬದಲಾಗುವುದು, ಇವೆಲ್ಲ ಕಂಡ ಜನಕ್ಕೆ ಆವೇಶ ಎಂದರೆ ನಗುವ ವಿಷಯವಲ್ಲ, ಕಾಯಿಲೆಯೂ ಅಲ್ಲ. ಮಲಯಾಳದಲ್ಲಿ ತಿಲಕನ್ ಮಾಡಿದ ತಂತ್ರಿ, ವೈದ್ಯ ಸನ್ನಿ ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸಿ ದುರ್ಗಾಷ್ಟಮಿಯ ರಾತ್ರಿಯ ಏರ್ಪಾಟು ಮಾಡುತ್ತಾರೆ. ಕನ್ನಡದಲ್ಲಿ ಅವಿನಾಶ್, ಹಿಂದಿಯಲ್ಲಿ ಮರಾಠಿ ರಂಗಭೂಮಿಯ ವಿಕ್ರಮ್ ಗೋಖಲೆ ಅದೇ ಘನತೆ ಉಳಿಸಿದ್ದಾರೆ. ಆದರೆ ‘ಆಪ್ತಮಿತ್ರ’ ಮನೆಯೊಳಗೊಂದು ದೊಡ್ಡ ಸರ್ಪವನ್ನು ಬಿಟ್ಟುಕೊಂಡಿತು. ವೈದ್ಯನ ವಿವರಣೆಗೆ ಅದು ಸಿಗುವುದಿಲ್ಲ, ಕಥೆಗೆ ಬೇಕಾಗಿಯೂ ಇಲ್ಲ. 2022ರ ‘ಭೂಲ್ ಭುಲಯ್ಯಾ 2’ ಅಂತೂ ಮಂಜುಲಿಕಾಳನ್ನು ನಿಜವಾದ ದೆವ್ವವನ್ನೇ ಮಾಡಿತು. ಅದನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ.

ಇನ್ನು ನಡೆಸುವ ಬಗೆ. ಮನೆಯ ಬೈಠಕ್ಕಿನಲ್ಲಿ ನಾಲ್ಕು ಮನೆಯವರು ಕೂತು ನೋಡುವುದು ಬೇರೆ. ಸೊಸೈಟಿ ಹಾಲಿನಲ್ಲಿ ಫಲಕ ಹಾಕಿ ಎಲ್ಲರಿಗೂ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ಮಲಯಾಳದ್ದು ಸುಮಾರು 2 ಗಂಟೆ 50 ನಿಮಿಷ. ಸಂಜೆ 6ಕ್ಕೆ ಶುರುಮಾಡಿ 15 ನಿಮಿಷ ಚಹಾಕ್ಕೆ ಬಿಟ್ಟರೆ 9.05ಕ್ಕೆ ಮುಗಿಯುತ್ತದೆ, ಅರ್ಧ ಗಂಟೆ ಮಾತಾಡಿಯೂ 10ರ ಒಳಗೆ ಸದ್ದು ನಿಲ್ಲಿಸಬಹುದು. ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲುಗಳ ತಡೆ) ಸಾಮಾನ್ಯವಾಗಿ ಸಂಜೆ 6ರೊಳಗೆ ಮುಗಿದಿರುತ್ತದೆ, ಠಾಣೆ, ಮುಲುಂದದವರೂ ಬಂದು ಸೇರಬಹುದು. ಕ್ರಮ ಹೀಗಿರಲಿ: ಮೊದಲು ಮಲಯಾಳ, ಆಮೇಲೆ ಹಿಂದಿ, ಕೊನೆಗೆ ಕನ್ನಡ. ಹಿಂದಿ, ಕನ್ನಡ ಎರಡನ್ನೂ ಎಲ್ಲರೂ ನೋಡಿದ್ದಾರೆ, ನೆನಪಿನಲ್ಲಿವೆ. ಹೊಸದನ್ನು ಕೊನೆಗಿಟ್ಟರೆ ದಣಿದ ಕಣ್ಣು ಅದನ್ನು ಸರಿಯಾಗಿ ನೋಡುವುದಿಲ್ಲ.

ಟಿವಿಯ ಸೆಟ್ಟಿಂಗಿನಲ್ಲಿ ಮೋಷನ್ ಸ್ಮೂತಿಂಗ್ ಇದ್ದರೆ ಆಫ್ ಮಾಡಿ, ಕಂಪನಿಗೊಂದು ಹೆಸರಿಟ್ಟಿರುತ್ತಾರೆ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರಕ್ಕೆ ಅದು ಸುಳ್ಳು ಚೌಕಟ್ಟು ಸೇರಿಸಿ ಧಾರಾವಾಹಿಯ ಹಾಗೆ ಕಾಣಿಸುತ್ತದೆ, ಕತ್ತಲ ದೃಶ್ಯಗಳ ತೂಕವೇ ಹೋಗುತ್ತದೆ. ‘ವಿವಿಡ್’ ಬೇಡ, ‘ಸಿನಿಮಾ’ ಮೋಡ್ ಇಡಿ. ಸಾಧ್ಯವಾದರೆ ಮಲಯಾಳದ್ದಕ್ಕೆ 2024ರ ಆಗಸ್ಟಿನಲ್ಲಿ ಮರುಬಿಡುಗಡೆಯಾದ 4ಕೆ ಪ್ರತಿಯನ್ನೇ ಹುಡುಕಿ. ಕಡಿಮೆ ಗುಣಮಟ್ಟದ ಹಳೆಯ ಡಿಜಿಟಲ್ ಪ್ರತಿಯಲ್ಲಿ ಕಪ್ಪು ಭಾಗವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಹಾಗೆ ನೋಡಿ ಮೂಲ ಮಬ್ಬು ಎಂದು ಮಕ್ಕಳು ತೀರ್ಪು ಕೊಟ್ಟರೆ ತಪ್ಪು ಅವರದಲ್ಲ. ಟೈಲ್ಸ್ ಹಾಕಿದ ಕೋಣೆಯಲ್ಲಿ ಸದ್ದು ಮರುಧ್ವನಿಸುತ್ತದೆ, ದಪ್ಪ ಪರದೆ ಎಳೆದು ನೆಲಕ್ಕೆ ಜಮಖಾನ ಹಾಸಿ. ವಾಲ್ಯೂಮನ್ನು ಮೊದಲ ಮಾತುಕತೆಯ ದೃಶ್ಯಕ್ಕೆ ಹೊಂದಿಸಿ, ಮತ್ತೆ ಮುಟ್ಟಬೇಡಿ. ಗೆಜ್ಜೆಯ ಸದ್ದು ಸಣ್ಣಗಿರುವುದೇ ಅದರ ಗುಣ.

ಚರ್ಚೆಗೆ ಪೂರ್ತಿ ಚಿತ್ರ ಬೇಡ, ಒಂದೇ ದೃಶ್ಯ ಸಾಕು: ಹೊರಗೆ ಹೊರಟ ಹೆಂಡತಿಯನ್ನು ಗಂಡ ತಡೆಯುವುದು, ಅವಳು ಮಂಚ ಎತ್ತುವುದು. ಮೂರರಲ್ಲೂ ಇದೆ. ಮೊದಲು ತೆರೆಗೆ ಬಟ್ಟೆ ಮುಚ್ಚಿ ಬರೀ ಕೇಳಿಸಿ. ಆಮೇಲೆ ಸದ್ದು ನಿಲ್ಲಿಸಿ ಬರೀ ತೋರಿಸಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಗಂಡ ‘ಬೇಡ’ ಎಂದಾಗಿನಿಂದ ಭಾಷೆ ಬದಲಾಗುವವರೆಗೆ ಎಷ್ಟು ಸೆಕೆಂಡು, ಹಿನ್ನೆಲೆ ಸಂಗೀತ ಯಾವಾಗ ಶುರು, ಮುಖ ಎಷ್ಟು ಹೊತ್ತು ಕತ್ತರಿಯಿಲ್ಲದೆ ಕಾಣುತ್ತದೆ ಎಂದು ಬರೆದುಕೊಳ್ಳಿ. ಸಂಗೀತ ನಟಿಗಿಂತ ಮುಂಚೆ ಹೆದರಿಸಿದರೆ ಅಲ್ಲಿ ನಿರ್ದೇಶಕರಿಗೆ ನಟಿಯ ಮೇಲೆ ನಂಬಿಕೆ ಸಾಲಲಿಲ್ಲ ಎಂದು ತಿಳಿಯಿರಿ.

‘ಆಪ್ತಮಿತ್ರ’ದ ದಿನ ಹಿರಿಯರಿಗೆ ಗಂಟಲು ಕಟ್ಟಬಹುದು. ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು, ಚಿತ್ರ ಬಂದದ್ದು ಆಗಸ್ಟಿನಲ್ಲಿ. ನಮ್ಮ ಜನ ಅದನ್ನು ಮೊದಲ ಸಲ ನೋಡಿದ್ದೇ ಆ ದುಃಖದಲ್ಲಿ. ಅದನ್ನು ಅಂಕದಿಂದ ಕಳೆಯಲು ಹೋಗಬೇಡಿ, ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ, ಅಮ್ಮಂದಿರು ಅತ್ತರೆ ಅವರು ನಗದಿರಲಿ.

ಮೊಮ್ಮಗಳ ವಿಷಯ. ಎಂಟು ವರ್ಷಕ್ಕೆ ಮಲಯಾಳದ್ದು ಬೇಡ, ರಾತ್ರಿ ಹೊತ್ತಿಗಂತೂ ಬೇಡವೇ ಬೇಡ. ಹಿಂದಿಯದನ್ನು ಹಗಲಿನಲ್ಲಿ, ಪಕ್ಕದಲ್ಲಿ ಯಾರಾದರೂ ಕೂತು ತೋರಿಸಬಹುದು. ಮಂಚ ಎತ್ತುವ ದೃಶ್ಯಕ್ಕೆ ಮುಂಚೆ, ಇವಳಿಗೆ ಹುಷಾರಿಲ್ಲ, ಡಾಕ್ಟರು ವಾಸಿ ಮಾಡುತ್ತಾರೆ ಎಂದು ಹೇಳಿಬಿಡಿ. ಒಂದೇ ರಾತ್ರಿಯಲ್ಲಿ ಹಾಗೆ ವಾಸಿಯಾಗುವ ಕಾಯಿಲೆ ಅದಲ್ಲ ಎಂಬ ಮಾತನ್ನು ದೊಡ್ಡವರ ಚರ್ಚೆಗೆ ಇಟ್ಟುಕೊಳ್ಳಿ.

— ಸಂ.