ಲ್ಯಾಬ್ ಇಲ್ಲದ ಕಾಲದಲ್ಲಿ ಕಲ್ಲಿನ ಗುರುತು ಹಿಡಿದದ್ದು ಹೇಗೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಹೊಳೆದಂಡೆ, ಗುಡ್ಡ, ರಸ್ತೆ ಕೆಲಸ ನಡೆಯುವ ಜಾಗ, ಎಲ್ಲಿಗೆ ಹೋದರೂ ಕಲ್ಲು ಆರಿಸಿ ತರುತ್ತಾಳೆ. ‘ಲ್ಯಾಬ್ ಇಲ್ಲದಾಗ ಇದು ಇಂಥ ಖನಿಜ ಅಂತ ಹೇಗೆ ಹೇಳುತ್ತಿದ್ದರು? ನೆಲದೊಳಗೆ ಎಲ್ಲಿದೆ ಅಂತ ಹೇಗೆ ತಿಳಿಯುತ್ತಿತ್ತು?’ ಎಂದು ಕೇಳಿದಳು. ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಹೊಸಪೇಟೆ

ಉತ್ತರ: ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಅದಕ್ಕೆ ಉತ್ತರ ಹುಡುಕಲು ಜರ್ಮನಿಯ ಸ್ಯಾಕ್ಸನಿ ಮತ್ತು ಅದರ ಪಕ್ಕದ ಬೊಹೀಮಿಯಾದ ಬೆಟ್ಟಗಳಿಗೆ ಹೋಗಬೇಕು.

1527ರಲ್ಲಿ ಜಾರ್ಜ್ ಅಗ್ರಿಕೋಲ ಎಂಬ ವೈದ್ಯ ಅಲ್ಲಿನ ಯೋಆಖಿಮ್ಸ್‌ಟಾಲ್ ಎಂಬ ಬೆಳ್ಳಿ ಗಣಿಯ ಊರಿಗೆ ಬಂದ. ಗಣಿ ಕೆಲಸದವರ ಜೊತೆ ಓಡಾಡಿ, ಅವರು ಕಲ್ಲನ್ನು ಹೇಗೆ ಗುರುತಿಸುತ್ತಾರೆಂದು ನೋಡಿದ. ಬಣ್ಣ, ಹೊಳಪು, ತೂಕ, ಗಟ್ಟಿತನ, ವಾಸನೆ, ರುಚಿ, ಕೈಗೆ ನುಣುಪೋ ಒರಟೋ, ಇವೇ ಗುರುತುಗಳು. 1546ರಲ್ಲಿ ಬಂದ ಅವನ ಪುಸ್ತಕದಲ್ಲಿ ಖನಿಜಗಳನ್ನು ವಿಂಗಡಿಸಿದ್ದು ಇಂಥ ಗುಣಗಳ ಮೇಲೆಯೇ. ನಮ್ಮ ಬಳಪದ ಕಲ್ಲನ್ನು ಕಣ್ಣು ಮುಚ್ಚಿ ಸವರಿದರೂ ಸೋಪಿನಂಥ ನುಣುಪಿನಿಂದಲೇ ಗೊತ್ತಾಗುತ್ತದೆ, ಅಲ್ವಾ? ಹಾಗೆ.

ಆದರೆ ಬಣ್ಣವೊಂದನ್ನೇ ನಂಬಿದರೆ ಮೋಸ. ಸ್ಯಾಕ್ಸನಿಯ ಗಣಿಗಳಲ್ಲಿ ತಾಮ್ರದ ಬಣ್ಣದ ಒಂದು ಅದಿರು ಸಿಗುತ್ತಿತ್ತು. ಎಷ್ಟು ಕಾಯಿಸಿದರೂ ಅದರಿಂದ ತಾಮ್ರ ಬರಲಿಲ್ಲ. ಇದು ‘ನಿಕೆಲ್’ ಎಂಬ ಕುಚೇಷ್ಟೆಯ ಭೂತದ ಕೆಲಸ ಎಂದುಕೊಂಡು ‘ಕುಪ್ಫರ್‌ನಿಕೆಲ್’ ಎಂದರು (ಕುಪ್ಫರ್ ಅಂದರೆ ಜರ್ಮನ್‌ನಲ್ಲಿ ತಾಮ್ರ). 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಹೊಸ ಲೋಹವೊಂದನ್ನು ಬೇರ್ಪಡಿಸಿ, ಆ ಭೂತದ ಹೆಸರನ್ನೇ ಇಟ್ಟ. ಅದೇ ನಿಕಲ್.

ಇನ್ನೊಂದು ತೊಡಕು ಮಾತಿನದು. ನಾನು ‘ಹಸಿರು’ ಅಂದರೆ ನೀವು ಯಾವ ಹಸಿರು ಅಂದುಕೊಳ್ಳುತ್ತೀರಿ? ಗಿಳಿಯದೋ, ಪಾಚಿಯದೋ? ಇದನ್ನು ಬಗೆಹರಿಸಲು ಹೊರಟವನು ಜರ್ಮನಿಯ ಖನಿಜತಜ್ಞ ಅಬ್ರಹಾಂ ವೆರ್ನರ್. ಖನಿಜದ ಹೊರಗುರುತುಗಳಿಗೆ ಒಂದೊಂದಕ್ಕೂ ಖಚಿತ ಪದ ಗೊತ್ತುಮಾಡಿ 1774ರಲ್ಲಿ ಪುಸ್ತಕ ಬರೆದ. ನಾಲಿಗೆಗೆ ಅಂಟುತ್ತದೆಯೇ ಎಂಬುದೂ ಅವನಿಗೆ ಒಂದು ಗುರುತು! ಆಮೇಲೆ ಫ್ರೈಬರ್ಗ್ ಗಣಿ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ. ಅವನ ಬಣ್ಣದ ಪಟ್ಟಿಯನ್ನು 1814ರಲ್ಲಿ ಎಡಿನ್‌ಬರೋದ ಚಿತ್ರಕಾರ ಪ್ಯಾಟ್ರಿಕ್ ಸೈಮ್ ಬೆಳೆಸಿ, ಬಣ್ಣ ಹಚ್ಚಿ ತೋರಿಸಿದ. ಡಾರ್ವಿನ್ ತನ್ನ ಹಡಗು ಪ್ರಯಾಣಕ್ಕೆ ಒಯ್ದದ್ದು ಅದನ್ನೇ. ಎಲ್ಲೋ ಕೂತು ಓದುವವನಿಗೂ ಕಲ್ಲು ಕಣ್ಣಿಗೆ ಕಟ್ಟಬೇಕು. ಖನಿಜಶಾಸ್ತ್ರ ಶಾಸ್ತ್ರವಾದದ್ದು ಇಲ್ಲಿಂದಲೇ ಎಂಬುದು ನನ್ನ ನಂಬಿಕೆ.

ಇನ್ನು, ಹುಡುಕುವುದು. ಅಗ್ರಿಕೋಲ ತೀರಿಕೊಂಡ ಮರುವರ್ಷ, 1556ರಲ್ಲಿ, ಅವನ ದೊಡ್ಡ ಗಣಿ ಪುಸ್ತಕ ಅಚ್ಚಾಯಿತು. ಅದರಲ್ಲಿ ನೆಲ ಓದುವ ಪಾಠವಿದೆ. ಬೆಳಗ್ಗೆ ಸುತ್ತಲೂ ಹುಲ್ಲಿನ ಮೇಲೆ ಹಿಮದ ಹನಿ ಬೆಳ್ಳಗೆ ಕೂತಿದ್ದು, ಒಂದು ಪಟ್ಟೆಯಲ್ಲಿ ಮಾತ್ರ ಇಲ್ಲದಿದ್ದರೆ ಅದರಡಿ ಅದಿರು ಇರಬಹುದು. ಒಂದೇ ಸಾಲಿನ ಮರಗಳ ಎಲೆ ಬಣ್ಣಗೆಟ್ಟಿದ್ದರೂ ಹಾಗೆಯೇ. ನಮ್ಮಲ್ಲಿ ಬೋರ್‌ವೆಲ್‌ಗೆ ಕವಲು ಕಡ್ಡಿ ಹಿಡಿದು ನೋಡುತ್ತಾರಲ್ಲ, ಅಲ್ಲೂ ಅದಿರಿಗೆ ಅದೇ ಮಾಡುತ್ತಿದ್ದರು. ಅಗ್ರಿಕೋಲ ಅದನ್ನು ಒಪ್ಪಲಿಲ್ಲ. ನೆಲದ ಗುರುತು ಬಲ್ಲವನಿಗೆ ಕಡ್ಡಿ ಬೇಡ ಎಂದ.

ಅದಿರಿನ ಎಳೆ ಸಿಕ್ಕ ಮೇಲೆ ಅದು ಎತ್ತ ಹರಿದಿದೆ ಎಂದು ಹೇಳುವ ರೀತಿ ಸೊಗಸಾಗಿತ್ತು. ಗಣಿಯವರ ದಿಕ್ಸೂಚಿಯಲ್ಲಿ ಗಡಿಯಾರದಂತೆ ಎರಡು ಸಲ ಹನ್ನೆರಡು ಗಂಟೆಗಳಿದ್ದವು. ಉತ್ತರಕ್ಕೆ 12, ಪೂರ್ವಕ್ಕೆ 6. ಮೂರರಿಂದ ಆರರ ನಡುವೆ ಹರಿದ ಎಳೆಗೆ ‘ಮುಂಜಾನೆಯ ಎಳೆ’ ಎಂದು ಹೆಸರು.

ಮಗಳಿಗೆ ಎರಡು ಮಾತು ಹೇಳಿ. ಯಾವ ಕಲ್ಲನ್ನೂ ನೆಕ್ಕುವುದು ಬೇಡ, ಕೆಲವದರಲ್ಲಿ ಆರ್ಸೆನಿಕ್‌ನಂಥ ವಿಷ ಇರುತ್ತದೆ. ಮತ್ತೆ, ಕಲ್ಲು ಎತ್ತಿಕೊಂಡಾಗಲೇ ಜಾಗ ಬರೆದಿಡಬೇಕು. ವೆರ್ನರ್ ಕೂಡ ಸ್ಪೇನಿನ ಒಂದು ಖನಿಜಕ್ಕೆ ಮೋಲಿನಾ ದೆ ಅರಗಾನ್ ಊರಿನಿಂದ ಅರಗೊನೈಟ್ ಎಂಬ ಹೆಸರಿಟ್ಟ. ಹೆಸರು ನೋಡಿ ಅರಗಾನ್ ಪ್ರಾಂತ್ಯದ ಕಲ್ಲು ಅಂದುಕೊಂಡರೆ ತಪ್ಪು, ಆ ಊರು ಇರುವುದು ಪಕ್ಕದ ಗ್ವಾದಲಾಹಾರದಲ್ಲಿ. ಹಾಗಾಗಿ ಚೀಟಿಯಲ್ಲಿ ಸುಮ್ನೆ ‘ಹೊಸಪೇಟೆ’ ಅಂದರೆ ಸಾಲದು. ಯಾವ ಗುಡ್ಡ, ಯಾವ ಬದಿ, ರಸ್ತೆಯಿಂದ ಎಷ್ಟು ಹೆಜ್ಜೆ, ಬಂಡೆಯಿಂದ ಒಡೆದದ್ದೋ ನೆಲದ ಮೇಲೆ ಬಿದ್ದಿದ್ದೋ, ಇಷ್ಟೂ ಇರಲಿ.